‘ಅಬ್ಟೇನ್’ ಎಂದರೆ ಪಡೆಯುವುದು ಮಾತ್ರವೇ? ಈ ವಾಕ್ಯದಲ್ಲಿ ಪಡೆದವರು ಯಾರು?

ಪುಟದಂಚು

ಎಲ್ಲರಿಗೂ ನಮಸ್ಕಾರ. ಹತ್ತಿ ಗಿರಣಿಗಳ ಇತಿಹಾಸವನ್ನು ಕುರಿತ ಹಳೆಯ ಇಂಗ್ಲಿಷ್ ಪ್ರಬಂಧವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ದಿನಗಳಿಂದ ಒಂದೇ ವಾಕ್ಯದ ಮುಂದೆ ಕುಳಿತಿದ್ದೇನೆ. ವಾಕ್ಯ ಹೀಗಿದೆ: ‘ದ ಕಂಡಿಷನ್ಸ್ ದಟ್ ಅಬ್ಟೇನ್ಡ್ ಇನ್‌ಸೈಡ್ ದ ಮಿಲ್ಸ್ ವರ್ ನಾಟ್ ದೋಸ್ ದಟ್ ಅಬ್ಟೇನ್ಡ್ ಔಟ್‌ಸೈಡ್.’

‘ಅಬ್ಟೇನ್’ ಎಂದರೆ ಪಡೆ, ಗಳಿಸು, ದೊರಕಿಸಿಕೊಳ್ಳು ಎಂದೇ ನಾನು ಕಲಿತದ್ದು. ಅದೇ ನಂಬಿಕೆಯಲ್ಲಿ ‘ಗಿರಣಿಗಳ ಒಳಗೆ ಪಡೆದ ಷರತ್ತುಗಳು ಹೊರಗೆ ಪಡೆದ ಷರತ್ತುಗಳಾಗಿರಲಿಲ್ಲ’ ಎಂದು ಬರೆದೆ. ಕಾರ್ಮಿಕರು ಮಾಲೀಕರೊಡನೆ ಮಾತುಕತೆ ನಡೆಸಿ ಪಡೆದುಕೊಂಡ ಷರತ್ತುಗಳಿರಬೇಕು ಎಂದು ಊಹಿಸಿಕೊಂಡೆ. ಆದರೆ ಮುಂದಿನ ಪ್ಯಾರಾದಲ್ಲಿ ಮಾತುಕತೆಯೂ ಇಲ್ಲ, ಒಪ್ಪಂದವೂ ಇಲ್ಲ. ಸೆಕೆ, ತೇವ, ಹತ್ತಿಯ ದೂಳು ಮತ್ತು ಯಂತ್ರಗಳ ಸದ್ದಿನ ವರ್ಣನೆಯೇ ತುಂಬಿದೆ. ಹಾಗಾದರೆ ಇಲ್ಲಿ ಪಡೆದವರು ಯಾರು, ಪಡೆದದ್ದು ಏನು? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಅಕ್ಷರಯಾನಿ

ಯಾರೂ ಏನನ್ನೂ ಪಡೆದಿಲ್ಲ. ಇಲ್ಲಿ ‘ಅಬ್ಟೇನ್’ ಎಂದರೆ ಇರುವುದು, ಚಾಲ್ತಿಯಲ್ಲಿರುವುದು. ಗಿರಣಿಯ ಒಳಗೆ ಇದ್ದ ಪರಿಸ್ಥಿತಿ ಹೊರಗೆ ಇರಲಿಲ್ಲ ಎಂಬುದಷ್ಟೇ ವಾಕ್ಯದ ಅರ್ಥ.

ಕರಡು ತಿದ್ದುವವ

ಅಕ್ಷರಯಾನಿ ಅವರೇ, ಅಷ್ಟು ಬೇಗ ತೀರ್ಮಾನಕ್ಕೆ ಬರಬೇಡಿ. ಇದು ಅಚ್ಚಿನ ದೋಷವಿರಬಹುದು. ‘ಅಬ್ಟೇನ್ಡ್’ ಎಂಬುದರ ಹಿಂದೆ ಒಂದು ‘ವರ್’ ಬಿಟ್ಟುಹೋಗಿರಬೇಕು ಎಂದು ನನಗೆ ಅನ್ನಿಸುತ್ತದೆ. ‘ದಟ್ ವರ್ ಅಬ್ಟೇನ್ಡ್’ ಎಂದು ಓದಿಕೊಂಡರೆ ಕರ್ಮಣಿ ಪ್ರಯೋಗವಾಗುತ್ತದೆ, ‘ಪಡೆಯಲಾದ’ ಎಂಬ ಅರ್ಥ ಸರಿಯಾಗಿ ಕೂಡುತ್ತದೆ. ನಾನು ಅನೇಕ ವರ್ಷಗಳಿಂದ ಕರಡು ನೋಡುತ್ತಿದ್ದೇನೆ. ಇಂಥ ಸಣ್ಣ ಪದಗಳು ಬಿಟ್ಟುಹೋಗುವುದು ತೀರ ಸಾಮಾನ್ಯ.

ವ್ಯಾಕರಣದೀಪ

ಕರಡು ತಿದ್ದುವವರ ಅನುಭವಕ್ಕೆ ಗೌರವವಿದೆ, ಆದರೆ ಈ ವಾಕ್ಯದ ಮಟ್ಟಿಗೆ ಅವರ ಊಹೆ ನಿಲ್ಲುವುದಿಲ್ಲ. ಒಂದೇ ವಾಕ್ಯದಲ್ಲಿ ಅದೇ ಪದ ಎರಡು ಸಲ ಬಂದಿದೆ, ಎರಡು ಕಡೆಯೂ ‘ವರ್’ ಇಲ್ಲ. ಒಂದೇ ದೋಷ ಒಂದೇ ಸಾಲಿನಲ್ಲಿ ಎರಡು ಬಾರಿ ನುಸುಳಿತೆಂದು ನಂಬುವುದಕ್ಕಿಂತ, ಬರೆದವರು ಹಾಗೆಯೇ ಬರೆದಿದ್ದಾರೆಂದು ಹಿಡಿದು ಅರ್ಥ ಹುಡುಕುವುದು ನ್ಯಾಯ.

ಪುಟದಂಚು ಅವರೇ, ಇಂಥ ಕಡೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ನೀವೇ ಕೇಳಿದ್ದೀರಿ: ‘ಪಡೆದದ್ದು ಏನು?’ ಪಡೆಯುವ ಕ್ರಿಯೆಗೆ ಪಡೆಯುವವನೂ ಬೇಕು, ಪಡೆಯುವ ವಸ್ತುವೂ ಬೇಕು. ನಿಮ್ಮ ವಾಕ್ಯದಲ್ಲಿ ‘ಅಬ್ಟೇನ್ಡ್’ ಆದಮೇಲೆ ಬರುವುದು ‘ಇನ್‌ಸೈಡ್ ದ ಮಿಲ್ಸ್’, ಅಂದರೆ ಸ್ಥಳ. ಎರಡನೆಯ ಸಲ ಬರುವುದು ‘ಔಟ್‌ಸೈಡ್’, ಅದೂ ಸ್ಥಳವೇ. ಕರ್ಮಪದ ಎಲ್ಲಿಯೂ ಇಲ್ಲ. ಕರ್ತೃಪದವಾದ ‘ಕಂಡಿಷನ್ಸ್’ ಏನನ್ನಾದರೂ ಪಡೆಯಬಲ್ಲ ವಸ್ತುವೂ ಅಲ್ಲ. ಆದ್ದರಿಂದ ಇಲ್ಲಿ ಕ್ರಿಯಾಪದ ಅಕರ್ಮಕವಾಗಿದೆ, ಅಕರ್ಮಕವಾದೊಡನೆ ಅದರ ಅರ್ಥವೂ ಬದಲಾಗಿದೆ.

ಇದು ನಮಗೆ ಹೊಸತಲ್ಲ. ‘ಹತ್ತರಲ್ಲಿ ಮೂರನ್ನು ಕಳೆದನು’ ಎನ್ನುವಾಗ ‘ಕಳೆ’ ಎಂಬುದಕ್ಕೆ ಒಂದು ಅರ್ಥ, ‘ರಾತ್ರಿ ಕಳೆಯಿತು’ ಎನ್ನುವಾಗ ಇನ್ನೊಂದು. ಎರಡನೆಯದರಲ್ಲಿ ರಾತ್ರಿ ಏನನ್ನು ಕಳೆಯಿತು ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಕರ್ಮಪದ ಇಲ್ಲದಿರುವುದನ್ನು ನಮ್ಮ ಕಿವಿ ತಾನಾಗಿಯೇ ಗುರುತಿಸುತ್ತದೆ. ಪರಭಾಷೆಯಲ್ಲಿ ಆ ಕೆಲಸವನ್ನು ಎಚ್ಚರದಿಂದ, ಬೆರಳಿಟ್ಟು ನೋಡಿ ಮಾಡಬೇಕಾಗುತ್ತದೆ.

ಇನ್ನೊಂದು ಮಾತು. ನಿಮ್ಮ ಅನುವಾದದಲ್ಲಿ ತಪ್ಪಿದ್ದು ಒಂದು ಪದವಲ್ಲ, ಎರಡು. ‘ಕಂಡಿಷನ್ಸ್’ ಎಂಬುದಕ್ಕೆ ಪರಿಸ್ಥಿತಿ ಎಂಬ ಅರ್ಥವೂ ಇದೆ, ಷರತ್ತು ಎಂಬ ಅರ್ಥವೂ ಇದೆ. ಕ್ರಿಯಾಪದಕ್ಕೆ ‘ಪಡೆ’ ಎಂದು ಅರ್ಥ ಹಚ್ಚಿದ ಮೇಲೆ ಪರಿಸ್ಥಿತಿಯನ್ನು ಪಡೆಯಲು ಬರುವುದಿಲ್ಲವಾದ್ದರಿಂದ ನೀವು ನಾಮಪದವನ್ನು ಷರತ್ತಿನ ಕಡೆಗೆ ಎಳೆದಿರಿ. ಆಮೇಲೆ ಷರತ್ತನ್ನು ಪಡೆಯಲು ಮನುಷ್ಯರು ಬೇಕಾದರು, ಕಾರ್ಮಿಕರನ್ನು ಕರೆತಂದಿರಿ. ಒಂದು ತಪ್ಪು ಓದು ತನ್ನನ್ನು ತಾನು ಸಮರ್ಥಿಸಿಕೊಳ್ಳಲು ಇಡೀ ಕಥೆಯನ್ನೇ ಕಟ್ಟುತ್ತದೆ. ಮುಂದಿನ ಪ್ಯಾರಾ ಆ ಕಥೆಗೆ ಒಪ್ಪದಿದ್ದಾಗ ನೀವು ಅನುಮಾನಪಟ್ಟದ್ದು ಒಳ್ಳೆಯದಾಯಿತು.

ಪುಟದಂಚು

ವ್ಯಾಕರಣದೀಪ ಅವರೇ, ಕಾರ್ಮಿಕರನ್ನು ನಾನೇ ಕರೆತಂದೆ ಎಂಬ ಮಾತನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನಡೆದದ್ದು ಅಕ್ಷರಶಃ ಹಾಗೆಯೇ. ಮೂಲದಲ್ಲಿ ಕಾರ್ಮಿಕರ ಮಾತು ಆ ವಾಕ್ಯದ ಹತ್ತಿರದಲ್ಲೆಲ್ಲೂ ಇಲ್ಲ.

ನೂಲು

ವಿಷಯದ ಕಡೆಯಿಂದಲೂ ಅದೇ ಅರ್ಥ ಹೊಂದುತ್ತದೆ. ಒಣ ಗಾಳಿಯಲ್ಲಿ ಹತ್ತಿಯ ನೂಲು ಬೇಗ ತುಂಡಾಗುತ್ತದೆ. ಆದ್ದರಿಂದ ನೂಲುವ ಮತ್ತು ನೇಯುವ ಗಿರಣಿಗಳಲ್ಲಿ ಗಾಳಿಯನ್ನು ಬೇಕೆಂದೇ ತೇವವಾಗಿ ಇಡುತ್ತಿದ್ದರು. ಹೊರಗೆ ಒಣ ಹವೆಯಿದ್ದರೂ ಒಳಗೆ ಬೇರೆಯೇ ಹವೆ. ‘ಒಳಗೆ ಇದ್ದದ್ದು ಹೊರಗೆ ಇರಲಿಲ್ಲ’ ಎಂದು ಪ್ರಬಂಧಕಾರರು ಹೇಳಿದ್ದು ಇದನ್ನೇ.

ಕರಡು ತಿದ್ದುವವ

ಅಚ್ಚಿನ ದೋಷವೆಂಬ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ಒಂದು ಸಂದೇಹ ಉಳಿದಿದೆ. ‘ಪಡೆ’ ಎಂಬ ಅರ್ಥದ ಪದಕ್ಕೆ ‘ಇರು’ ಎಂಬ ಅರ್ಥ ಬರುವುದು ಹೇಗೆ? ಇವೆರಡರ ನಡುವೆ ಯಾವ ನಂಟೂ ಕಾಣಿಸುವುದಿಲ್ಲ. ನಂಟು ತಿಳಿಯದೆ ಬರೀ ನಿಘಂಟಿನ ಎರಡನೆಯ ಅರ್ಥವೆಂದು ಬಾಯಿಪಾಠ ಮಾಡಿದರೆ ನಾಳೆ ಮರೆತುಹೋಗುತ್ತದೆ.

ಬೇರುಬಳ್ಳಿ

ನಂಟು ಇದೆ. ಮೂಲ ಲ್ಯಾಟಿನ್ ಕ್ರಿಯಾಪದ ‘ಒಬ್ಟಿನೇರೆ’. ಅದರ ಒಳಗಿರುವುದು ‘ತೆನೇರೆ’, ಅಂದರೆ ಹಿಡಿಯುವುದು, ಹಿಡಿದುಕೊಂಡಿರುವುದು. ಕಂಟೇನ್, ರೀಟೇನ್, ಮೇನ್‌ಟೇನ್, ಡೀಟೇನ್, ಸಸ್ಟೇನ್ ಎಲ್ಲವೂ ಅದೇ ಬಳ್ಳಿಯವು. ಟೆನೆಂಟ್ ಎಂದರೆ ಜಾಗವನ್ನು ಹಿಡಿದುಕೊಂಡಿರುವವನು. ಟೆನ್ಯೂರ್ ಎಂದರೆ ಹುದ್ದೆಯನ್ನು ಹಿಡಿದುಕೊಂಡಿರುವ ಅವಧಿ. ಟೆನೆಬಲ್ ಎಂದರೆ ಹಿಡಿದು ನಿಲ್ಲಿಸಬಹುದಾದ ವಾದ.

ಲ್ಯಾಟಿನ್ನಿನಲ್ಲಿಯೇ ಆ ಕ್ರಿಯಾಪದಕ್ಕೆ ಎರಡು ದಾರಿಗಳಿದ್ದವು. ಕರ್ಮಪದವಿದ್ದರೆ ‘ಹಿಡಿದುಕೊಳ್ಳು, ವಶದಲ್ಲಿಟ್ಟುಕೊಳ್ಳು’ ಎಂದು, ಕರ್ಮಪದವಿಲ್ಲದಿದ್ದರೆ ‘ತಾನಾಗಿ ಹಿಡಿದು ನಿಲ್ಲು, ಊರ್ಜಿತವಾಗಿರು’ ಎಂದು. 15ನೇ ಶತಮಾನದಲ್ಲಿ ಪದವು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ‘ಚಾಲ್ತಿಯಲ್ಲಿರು’ ಎಂಬ ಬಳಕೆ 17ನೇ ಶತಮಾನದಿಂದ ಕಾಣಿಸುತ್ತದೆ. ಹಾಗಾಗಿ ಇದು ಇತ್ತೀಚಿನ ಯಾರದೋ ವಿಚಿತ್ರ ಪ್ರಯೋಗವಲ್ಲ.

ನಿಮಗೆ ನೆನಪಿನಲ್ಲಿ ಉಳಿಯಬೇಕೆಂದಿದ್ದರೆ ಇಂಗ್ಲಿಷಿನದೇ ಆದ ‘ಹೋಲ್ಡ್’ ಪದವನ್ನು ನೋಡಿ. ‘ಹಿ ಹೋಲ್ಡ್ಸ್ ದ ರೋಪ್’ ಎಂದರೆ ಹಗ್ಗ ಹಿಡಿದಿದ್ದಾನೆ. ‘ದ ರೂಲ್ ಹೋಲ್ಡ್ಸ್’ ಎಂದರೆ ನಿಯಮ ಊರ್ಜಿತವಾಗಿದೆ. ‘ತೆನೇರೆ’ ನಡೆದ ದಾರಿಯಲ್ಲಿಯೇ ‘ಹೋಲ್ಡ್’ ಕೂಡ ನಡೆದಿದೆ. ‘ಅಬ್ಟೇನ್’ ಬಂದ ಕಡೆ ‘ಹೋಲ್ಡ್’ ಇಟ್ಟು ನೋಡಿದರೆ ಬಹಳ ಸಲ ವಾಕ್ಯ ತಾನಾಗಿ ತೆರೆದುಕೊಳ್ಳುತ್ತದೆ.

ಮಳೆಬಿಲ್ಲು

ಕನ್ನಡದ ‘ಹಿಡಿ’ ಕೂಡ ಹೀಗೆಯೇ ಅಲ್ಲವೇ? ‘ಮಳೆ ಹಿಡಿದುಕೊಂಡಿದೆ’ ಎನ್ನುತ್ತೇವೆ. ಮಳೆ ಯಾವುದನ್ನೂ ಹಿಡಿದುಕೊಂಡಿಲ್ಲ, ಬಿಡದೆ ನೆಲೆಸಿದೆ ಎಂದಷ್ಟೇ ಅರ್ಥ.

ಬೇರುಬಳ್ಳಿ

ಮಳೆಬಿಲ್ಲು ಅವರೇ, ಇದು ನನಗೆ ಹೊಳೆದಿರಲಿಲ್ಲ. ಬಹಳ ಒಳ್ಳೆಯ ಉದಾಹರಣೆ.

ವ್ಯಾಕರಣದೀಪ

ಉದಾಹರಣೆ ಚೆನ್ನಾಗಿದೆ, ಆದರೆ ಅಲ್ಲಿ ಒಂದು ಬೆಲೆಯುಳ್ಳ ವ್ಯತ್ಯಾಸವೂ ಇದೆ. ‘ಮಳೆ ಹಿಡಿದುಕೊಂಡಿದೆ’ ಎಂಬುದರಲ್ಲಿ ಶುರುವಾದದ್ದರ ಸುಳಿವು ಇದೆ, ಹಟದ ಛಾಯೆಯೂ ಇದೆ. ‘ಅಬ್ಟೇನ್’ ಶುರುವನ್ನೂ ಹೇಳುವುದಿಲ್ಲ, ಹಟವನ್ನೂ ಹೇಳುವುದಿಲ್ಲ. ಒಂದು ಸ್ಥಿತಿ ಒಂದು ಎಡೆಯಲ್ಲಿ ಅಥವಾ ಒಂದು ಕಾಲದಲ್ಲಿ ಇದೆ ಎಂದು ಹೇಳಿ ಮುಗಿಸುತ್ತದೆ. ಸ್ಥಿತಿಸೂಚಕ ಪದವಾದ್ದರಿಂದಲೇ ಈ ಅರ್ಥದಲ್ಲಿ ‘ಈಸ್ ಅಬ್ಟೇನಿಂಗ್’ ಎಂಬ ರೂಪವನ್ನು ಬಳಸುವುದಿಲ್ಲ. ‘ಈಸ್ ಅಬ್ಟೇನಿಂಗ್’ ಎಂದು ಕಂಡರೆ ಯಾರೋ ಏನನ್ನೋ ಪಡೆಯುತ್ತಿದ್ದಾರೆಂದೇ ತಿಳಿಯಬೇಕು.

ನೇರನುಡಿ

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ, ಆದರೆ ಮೂಲ ಲೇಖಕರ ಮೇಲೆ ನನಗೆ ಆಕ್ಷೇಪವಿದೆ. ‘ದ ಕಂಡಿಷನ್ಸ್ ಇನ್‌ಸೈಡ್ ದ ಮಿಲ್ಸ್’ ಎಂದು ಬರೆದಿದ್ದರೆ ಸಾಕಾಗಿತ್ತು. ಇಲ್ಲವೇ ‘ಎಕ್ಸಿಸ್ಟೆಡ್’ ಎನ್ನಬಹುದಿತ್ತು, ‘ಪ್ರಿವೇಲ್ಡ್’ ಎನ್ನಬಹುದಿತ್ತು. ಓದುಗರನ್ನು ಮೂರು ದಿನ ಕಾಡಿಸುವ ಪದವನ್ನು ಆರಿಸಿಕೊಳ್ಳುವುದು ವಿದ್ವತ್ತಿನ ಪ್ರದರ್ಶನವೇ ಹೊರತು ಬರವಣಿಗೆಯ ಗುಣವಲ್ಲ. ನಾನು ಸಂಪಾದಕನ ಸ್ಥಾನದಲ್ಲಿದ್ದರೆ ಇದನ್ನು ಹೊಡೆದುಹಾಕುತ್ತಿದ್ದೆ.

ಬೇರುಬಳ್ಳಿ

‘ಪ್ರಿವೇಲ್’ ಎಂಬುದು ‘ಅಬ್ಟೇನ್’ಗೆ ಪೂರ್ತಿ ಸಮನಾಗುವುದಿಲ್ಲ, ನೇರನುಡಿ ಅವರೇ. ಅದರ ಬೇರು ‘ವಲೇರೆ’, ಬಲವಾಗಿರುವುದು. ‘ಪ್ರಿವೇಲಿಂಗ್ ವ್ಯೂ’ ಎಂದರೆ ಬೇರೆ ಅಭಿಪ್ರಾಯಗಳೂ ಇವೆ, ಇದು ಅವುಗಳ ಮೇಲೆ ಮೇಲುಗೈ ಪಡೆದಿದೆ ಎಂಬ ಧ್ವನಿ ಬರುತ್ತದೆ. ‘ಅಬ್ಟೇನ್’ನಲ್ಲಿ ಆ ಪೈಪೋಟಿ ಇಲ್ಲ.

ತರ್ಕದ ಹಾದಿ

‘ಎಕ್ಸಿಸ್ಟ್’ ಕೂಡ ಎಲ್ಲ ಕಡೆ ಸಲ್ಲುವುದಿಲ್ಲ. ತತ್ತ್ವಶಾಸ್ತ್ರದ ಇಂಗ್ಲಿಷ್ ಬರಹಗಳಲ್ಲಿ ‘ಅಬ್ಟೇನ್’ ಒಂದು ಪಾರಿಭಾಷಿಕ ಪದವೇ ಆಗಿದೆ. ಅದು ಬರುವುದು ‘ಸ್ಟೇಟ್ ಆಫ್ ಅಫೇರ್ಸ್’ ಎಂಬುದರೊಡನೆ, ನಾನು ಅದನ್ನು ಸಂಗತಿ ಎಂದು ಕರೆಯುತ್ತೇನೆ. ‘ಮಂಗಳಗ್ರಹಕ್ಕೆ ಎರಡು ಉಪಗ್ರಹಗಳಿರುವುದು’ ಒಂದು ಸಂಗತಿ, ‘ಭೂಮಿಗೆ ಎರಡು ಚಂದ್ರಗಳಿರುವುದು’ ಇನ್ನೊಂದು ಸಂಗತಿ. ಎರಡನ್ನೂ ನಾವು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಲ್ಲೆವು, ಎರಡರ ಬಗೆಗೂ ಚರ್ಚಿಸಬಲ್ಲೆವು. ಆದರೆ ಮೊದಲನೆಯದು ಅಬ್ಟೇನ್ ಆಗುತ್ತದೆ, ಎರಡನೆಯದು ಆಗುವುದಿಲ್ಲ.

ಇಲ್ಲಿ ‘ಎಕ್ಸಿಸ್ಟ್’ ಹಾಕಿದರೆ ತೊಡಕು ಬರುತ್ತದೆ. ಸಾಧ್ಯತೆಯಾಗಿ ಆ ಎರಡನೆಯ ಸಂಗತಿಯೂ ‘ಇದೆ’ ಎಂದು ವಾದಿಸುವ ದಾರ್ಶನಿಕರಿದ್ದಾರೆ. ‘ಟ್ರೂ’ ಹಾಕಿದರೂ ತೊಡಕೇ. ನಿಜ ಅಥವಾ ಸುಳ್ಳಾಗುವುದು ಹೇಳಿಕೆ, ಹೇಳಿಕೆ ಸೂಚಿಸುವ ಸಂಗತಿಯಲ್ಲ. ವಸ್ತು ಇರುತ್ತದೆ, ಹೇಳಿಕೆ ನಿಜವಾಗುತ್ತದೆ, ಸಂಗತಿ ಅಬ್ಟೇನ್ ಆಗುತ್ತದೆ ಎಂದು ಮೂರು ಬೇರೆ ಬೇರೆ ಮಾತುಗಳು ಅವರಿಗೆ ಬೇಕಾಗಿವೆ. ಇದು ಪ್ರದರ್ಶನವಲ್ಲ, ಅಗತ್ಯ.

ನೇರನುಡಿ

ತತ್ತ್ವಶಾಸ್ತ್ರಕ್ಕೆ ಅಗತ್ಯವೆಂದು ಒಪ್ಪುತ್ತೇನೆ. ಗಿರಣಿಯ ಇತಿಹಾಸಕ್ಕೆ ಅಗತ್ಯವಿರಲಿಲ್ಲ ಎಂಬ ನನ್ನ ಮಾತು ಹಾಗೆಯೇ ಉಳಿಯುತ್ತದೆ. ವಿಷಯ ತಿಳಿದವರು ತಿಳಿಯದವರಿಗೆ ಬರೆಯುವಾಗ, ಒಂದೇ ಪದಕ್ಕೆ ಎರಡು ಅರ್ಥಗಳಿದ್ದು ಅವುಗಳಲ್ಲಿ ಅಪರೂಪದ ಅರ್ಥವನ್ನು ಬಳಸುವುದಾದರೆ, ಓದುಗ ಎಡವುತ್ತಾನೆಂಬುದನ್ನು ಬರೆಯುವವರು ಮೊದಲೇ ನೆನೆಯಬೇಕು.

ಗಾಜಿನ ನಳಿಗೆ

ವಿಜ್ಞಾನದ ಲೇಖನಗಳನ್ನು ಓದುವವರಿಗೆ ಇದೇ ಪದ ಇನ್ನೊಂದು ರೀತಿಯಲ್ಲಿ ಕಾಲಿಗೆ ತೊಡರುತ್ತದೆ. ನನಗೆ ಅದನ್ನು ಸರಿಯಾಗಿ ತಿಳಿಯಲು ಎಷ್ಟೋ ಕಾಲ ಹಿಡಿಯಿತು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಭೂಮಿಯ ಕೇಂದ್ರದಲ್ಲಿ ಸಮುದ್ರಮಟ್ಟದ ಗಾಳಿಯ ಒತ್ತಡಕ್ಕಿಂತ 35 ಲಕ್ಷ ಪಟ್ಟು ಮೀರಿದ ಒತ್ತಡವಿದೆ. ಅಷ್ಟು ಒತ್ತಡವನ್ನು ಪ್ರಯೋಗಾಲಯದಲ್ಲಿ ಎರಡು ವಜ್ರಗಳ ತುದಿಗಳ ನಡುವೆ ಅತಿ ಸಣ್ಣ ತುಣುಕನ್ನು ಅಮುಕಿ ಉಂಟುಮಾಡಿದ್ದಾರೆ. ಈ ವಿಷಯವನ್ನು ಇಂಗ್ಲಿಷಿನಲ್ಲಿ ಹೀಗೆ ಬರೆಯಬಹುದು: ‘ದ ಪ್ರೆಷರ್ಸ್ ದಟ್ ಅಬ್ಟೇನ್ ಅಟ್ ದ ಸೆಂಟರ್ ಆಫ್ ದಿ ಅರ್ತ್ ಹ್ಯಾವ್ ಬೀನ್ ಅಬ್ಟೇನ್ಡ್ ಬಿಟ್ವೀನ್ ಟೂ ಡೈಮಂಡ್ಸ್.’ ಒಂದೇ ವಾಕ್ಯ, ಒಂದೇ ಕ್ರಿಯಾಪದ. ಮೊದಲನೆಯದು ‘ಇರುವ’, ಎರಡನೆಯದು ‘ಸಾಧಿಸಲಾಗಿದೆ’. ಭೂಮಿಯ ಕೇಂದ್ರದಲ್ಲಿ ಆ ಒತ್ತಡವನ್ನು ಯಾರೂ ಪ್ರಯತ್ನಪಟ್ಟು ತಂದಿಲ್ಲ, ಅದು ತಾನಾಗಿ ಇದೆ. ವಜ್ರಗಳ ನಡುವೆ ಇರುವುದು ಮನುಷ್ಯರ ಪ್ರಯತ್ನದಿಂದ ಬಂದದ್ದು.

ಇನ್ನು ‘ದಟ್’ ಎಂಬ ಸಣ್ಣ ಪದದ ವಿಷಯ. ‘ದ ಪ್ರೆಷರ್ಸ್ ಅಬ್ಟೇನ್ಡ್ ಇನ್ ದ ಚೇಂಬರ್’ ಎಂಬುದರಲ್ಲಿ ‘ದಟ್’ ಇಲ್ಲ. ಅಲ್ಲಿ ‘ಅಬ್ಟೇನ್ಡ್’ ಎಂಬುದು ಭೂತ ಕೃದಂತ, ‘ಪಡೆದ ಒತ್ತಡಗಳು’ ಎಂದೇ ಅರ್ಥ. ‘ದ ಪ್ರೆಷರ್ಸ್ ದಟ್ ಅಬ್ಟೇನ್ಡ್ ಇನ್ ದ ಚೇಂಬರ್’ ಎಂದರೆ ‘ಇದ್ದ ಒತ್ತಡಗಳು’. ‘ದ ಪ್ರೆಷರ್ಸ್ ಅಬ್ಟೇನಿಂಗ್ ಇನ್ ದ ಚೇಂಬರ್’ ಎಂದರೂ ‘ಇರುವ ಒತ್ತಡಗಳು’ ಎಂದೇ. ನಾನು ಮೊದಮೊದಲು ಈ ಮೂರನ್ನೂ ಒಂದೇ ಎಂದು ಓದುತ್ತಿದ್ದೆ, ಯಂತ್ರ ತಾನಾಗಿ ತಲುಪಿದ ಸ್ಥಿತಿಯನ್ನು ಯಾರೋ ಸಾಧಿಸಿದ ಫಲಿತಾಂಶವೆಂದು ತಪ್ಪಾಗಿ ಟಿಪ್ಪಣಿ ಮಾಡಿಕೊಂಡಿದ್ದೆ.

ವ್ಯಾಕರಣದೀಪ

ಗಾಜಿನ ನಳಿಗೆ ಅವರು ಹೇಳಿದ್ದಕ್ಕೆ ಕಾರಣವೂ ಸರಳ. ಇಂಗ್ಲಿಷಿನಲ್ಲಿ ನಾಮಪದವಾದ ಕೂಡಲೇ ಅಂಟಿಕೊಂಡು ಬರುವ ಭೂತ ಕೃದಂತ ಸಾಮಾನ್ಯವಾಗಿ ಕರ್ಮಣಿ ಅರ್ಥವನ್ನೇ ಕೊಡುತ್ತದೆ, ಕರ್ಮಪದವಿಲ್ಲದ ಕ್ರಿಯಾಪದಕ್ಕೆ ಕರ್ಮಣಿ ರೂಪವಿಲ್ಲ. ಆದ್ದರಿಂದ ‘ದಟ್’ ಅಥವಾ ‘ವಿಚ್’ ಇಲ್ಲದ ‘ಅಬ್ಟೇನ್ಡ್’ಗೆ ‘ಇದ್ದ’ ಎಂಬ ಅರ್ಥ ಕೂಡುವುದಿಲ್ಲ. ಕರಡು ತಿದ್ದುವವರು ಮೊದಲು ಊಹಿಸಿದ ‘ವರ್’ ಇಂಥ ವಾಕ್ಯದಲ್ಲಿ ನಿಜಕ್ಕೂ ಅಡಗಿರುತ್ತದೆ. ಅವರ ಊಹೆ ಬೇರೆ ವಾಕ್ಯಕ್ಕೆ ಸರಿ, ಪುಟದಂಚು ಅವರ ವಾಕ್ಯಕ್ಕೆ ಅಲ್ಲ.

ಕರಡು ತಿದ್ದುವವ

ಇಷ್ಟು ನ್ಯಾಯವಾಗಿ ಹೇಳಿದ್ದಕ್ಕೆ ಧನ್ಯವಾದ.

ಹಳೆಯ ಕಡತ

ಬೇರುಬಳ್ಳಿ ಅವರು ‘ತೆನೇರೆ’ ಎಂದದ್ದರಿಂದ ನೆನಪಾಯಿತು. ‘ಎಂಟರ್‌ಟೇನ್’ ಕೂಡ ಅದೇ ಬಳ್ಳಿಯದೇ? ಕೆಲಸಕ್ಕೆ ಸೇರಿದ ಹೊಸತರಲ್ಲಿ ‘ನೋ ಅಪ್ಲಿಕೇಶನ್ ಶಲ್ ಬಿ ಎಂಟರ್‌ಟೇನ್ಡ್ ಆಫ್ಟರ್ ದ ಲಾಸ್ಟ್ ಡೇಟ್’ ಎಂಬ ಸೂಚನೆಯನ್ನು ಓದಿ, ಅರ್ಜಿಗೂ ಮನರಂಜನೆಗೂ ಏನು ಸಂಬಂಧವೆಂದು ತಿಳಿಯದೆ, ಕೇಳಲು ಸಂಕೋಚವಾಗಿ ಬಹಳ ದಿನ ಒಳಗೇ ಇಟ್ಟುಕೊಂಡಿದ್ದೆ.

ಬೇರುಬಳ್ಳಿ

ಅದೇ ಬಳ್ಳಿಯದು. ‘ಇಂಟರ್’ ಮತ್ತು ‘ತೆನೇರೆ’ ಸೇರಿ ಫ್ರೆಂಚಿನ ಮೂಲಕ ಬಂದದ್ದು. ‘ನಡುವೆ ಹಿಡಿದುಕೊಳ್ಳು, ಇರಿಸಿಕೊಂಡು ನಡೆಸು’ ಎಂಬುದು ಹಳೆಯ ಅರ್ಥ. ಅತಿಥಿಯನ್ನು ಇರಿಸಿಕೊಂಡು ಸತ್ಕರಿಸುವುದು, ಆಮೇಲೆ ರಂಜಿಸುವುದು ಒಂದು ಕವಲು. ಒಂದು ವಿಚಾರವನ್ನು ಅಥವಾ ಅರ್ಜಿಯನ್ನು ಪರಿಗಣನೆಗೆ ಇರಿಸಿಕೊಳ್ಳುವುದು ಇನ್ನೊಂದು ಕವಲು. ನಿಮ್ಮ ಸೂಚನೆಯನ್ನು ‘ಕೊನೆಯ ದಿನಾಂಕದ ನಂತರ ಬಂದ ಅರ್ಜಿಗಳನ್ನು ಪರಿಗಣಿಸಲಾಗುವುದಿಲ್ಲ’ ಎಂದು ಓದಬೇಕು. ಕೇಳಲು ಸಂಕೋಚಪಡಬೇಕಾದ ಪ್ರಶ್ನೆ ಅದಾಗಿರಲಿಲ್ಲ.

ಅಕ್ಷರಯಾನಿ

ಮತ್ತೆ ಮೂಲ ಪ್ರಶ್ನೆಗೆ ಬರೋಣ. ಅರ್ಥ ತಿಳಿಯಿತು, ಕನ್ನಡದಲ್ಲಿ ಏನೆಂದು ಬರೆಯಬೇಕು? ನಾನು ಮೊದಲು ‘ಚಾಲ್ತಿಯಲ್ಲಿರು’ ಎಂದೆ. ಈಗ ಅದು ನನಗೇ ಒಪ್ಪಿಗೆಯಾಗುತ್ತಿಲ್ಲ. ಸೆಕೆ ಮತ್ತು ತೇವ ಚಾಲ್ತಿಯಲ್ಲಿದ್ದವು ಎಂದು ಯಾರೂ ಹೇಳುವುದಿಲ್ಲ.

ಮಳೆಬಿಲ್ಲು

ಒಂದೇ ಪದ ಸಿಗುವುದಿಲ್ಲ, ಹುಡುಕಬಾರದು ಕೂಡ. ಕರ್ತೃಪದ ಯಾವುದು ಎಂಬುದನ್ನು ನೋಡಿ ಕನ್ನಡ ತನ್ನ ಕ್ರಿಯಾಪದವನ್ನು ಆರಿಸಿಕೊಳ್ಳುತ್ತದೆ. ನಿಯಮವಾದರೆ ಜಾರಿಯಲ್ಲಿರುತ್ತದೆ, ಪದ್ಧತಿಯಾದರೆ ರೂಢಿಯಲ್ಲಿರುತ್ತದೆ, ದರವಾದರೆ ಚಾಲ್ತಿಯಲ್ಲಿರುತ್ತದೆ, ಶಾಂತಿಯಾದರೆ ನೆಲೆಸುತ್ತದೆ, ತತ್ತ್ವವಾದರೆ ಸಲ್ಲುತ್ತದೆ, ಸಂಬಂಧವಾದರೆ ಸುಮ್ಮನೆ ಇರುತ್ತದೆ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ಅಬ್ಟೇನ್’ ಬರಬಹುದು. ‘ಸಲ್ಲು’ ನನಗೆ ವಿಶೇಷವಾಗಿ ಇಷ್ಟ. ನಾಣ್ಯ ಸಲ್ಲುತ್ತದೆ, ಮಾತು ಸಲ್ಲುತ್ತದೆ. ‘ದ ಸೇಮ್ ಪ್ರಿನ್ಸಿಪಲ್ ಅಬ್ಟೇನ್ಸ್ ಹಿಯರ್’ ಎಂಬುದನ್ನು ‘ಅದೇ ತತ್ತ್ವ ಇಲ್ಲಿಯೂ ಸಲ್ಲುತ್ತದೆ’ ಎಂದರೆ ಒಂದು ಎಳೆಯೂ ಹೆಚ್ಚು ಕಡಿಮೆಯಾಗುವುದಿಲ್ಲ.

ತರ್ಕದ ಹಾದಿ

‘ಸಲ್ಲು’ ಎಂಬುದರಲ್ಲಿ ಒಪ್ಪಿತವಾಗುವ, ಯೋಗ್ಯವಾಗುವ ಧ್ವನಿ ಇದೆ. ಕೆಟ್ಟ ಪರಿಸ್ಥಿತಿಗೆ ಅದನ್ನು ಬಳಸಲಾಗದು. ‘ಗಿರಣಿಯೊಳಗೆ ಸಂದ ಸೆಕೆ’ ಎಂದರೆ ಅಸಂಬದ್ಧ. ತತ್ತ್ವ, ನಿಯಮ, ವಾದ ಇಷ್ಟಕ್ಕೇ ಇಟ್ಟುಕೊಂಡರೆ ನನ್ನ ಸಮ್ಮತಿಯಿದೆ.

ಮಳೆಬಿಲ್ಲು

ಒಪ್ಪಿದೆ. ಪರಿಸ್ಥಿತಿಗೆ ನಾನೂ ಅದನ್ನು ಸೂಚಿಸಿರಲಿಲ್ಲ.

ಪುಟದಂಚು

ಎಲ್ಲರ ಮಾತುಗಳನ್ನೂ ಎರಡೆರಡು ಸಲ ಓದಿ, ವಾಕ್ಯವನ್ನು ಮೂರು ರೀತಿ ಬರೆದು ನೋಡಿದೆ.

‘ಗಿರಣಿಗಳ ಒಳಗೆ ನೆಲೆಸಿದ್ದ ಪರಿಸ್ಥಿತಿಗಳು ಹೊರಗೆ ನೆಲೆಸಿದ್ದ ಪರಿಸ್ಥಿತಿಗಳಾಗಿರಲಿಲ್ಲ’ ಎಂಬುದು ಮೊದಲನೆಯದು. ಅರ್ಥ ಸರಿಯಿದೆ, ಆದರೆ ಓದಿದರೆ ಕನ್ನಡವೆನಿಸುವುದಿಲ್ಲ. ‘ಗಿರಣಿಗಳ ಒಳಗೆ ಇದ್ದ ಪರಿಸ್ಥಿತಿ ಹೊರಗೆ ಇರಲಿಲ್ಲ’ ಎಂಬುದು ಎರಡನೆಯದು. ಇದು ಅಕ್ಷರಯಾನಿ ಅವರು ಮೊದಲ ಉತ್ತರದಲ್ಲಿಯೇ ಕೊಟ್ಟದ್ದು. ಮೂರನೆಯದು: ‘ಗಿರಣಿಗಳ ಒಳಗಿನ ಪರಿಸ್ಥಿತಿಯೇ ಬೇರೆ, ಹೊರಗಿನ ಪರಿಸ್ಥಿತಿಯೇ ಬೇರೆ.’ ಇದರಲ್ಲಿ ಮೂರು ದಿನ ನನ್ನನ್ನು ಕಾಡಿದ ಕ್ರಿಯಾಪದವೇ ಇಲ್ಲ. ಹೀಗೆ ಬಿಟ್ಟುಬಿಡಲು ಅನುವಾದಕನಿಗೆ ಹಕ್ಕಿದೆಯೇ ಎಂಬುದು ನನ್ನ ಕೊನೆಯ ಪ್ರಶ್ನೆ.

ವ್ಯಾಕರಣದೀಪ

ನೀವು ಅದನ್ನು ಬಿಟ್ಟಿಲ್ಲ. ‘ಒಳಗಿನ’, ‘ಹೊರಗಿನ’ ಎಂಬ ಪದಗಳ ಕೊನೆಯಲ್ಲಿರುವ ಪ್ರತ್ಯಯವೇ ‘ಅಬ್ಟೇನ್’ ಮಾಡಬೇಕಾದ ಕೆಲಸವನ್ನು ಮಾಡುತ್ತಿದೆ. ‘ಒಳಗಿನ ಪರಿಸ್ಥಿತಿ’ ಎಂದರೆ ಒಳಗೆ ಇರುವ ಪರಿಸ್ಥಿತಿ ಎಂದೇ ಅರ್ಥ. ಇಂಗ್ಲಿಷ್ ಒಂದು ಕ್ರಿಯಾಪದವನ್ನು ಖರ್ಚು ಮಾಡುವ ಕಡೆ ಕನ್ನಡ ಒಂದು ಪ್ರತ್ಯಯದಲ್ಲಿ ಮುಗಿಸುತ್ತದೆ. ಆದರೆ ಕ್ರಿಯೆಯ ಕಾಲಸೂಚನೆ ಬಿಟ್ಟುಹೋಗಿದೆ, ಅದನ್ನು ಮಾತ್ರ ನೋಡಿಕೊಳ್ಳಿ. ಮೂಲ ಭೂತಕಾಲದಲ್ಲಿದೆ. ‘ಬೇರೆಯಾಗಿತ್ತು’ ಎಂದು ಎಲ್ಲಾದರೂ ಬರಬೇಕು.

ನೇರನುಡಿ

ಮೂರನೆಯದೇ ಇರಲಿ. ಲೇಖಕರು ಇಂಗ್ಲಿಷಿನಲ್ಲಿ ಮಾಡಬೇಕಿದ್ದುದನ್ನು ನೀವು ಕನ್ನಡದಲ್ಲಿ ಮಾಡಿದ್ದೀರಿ.

ಪುಟದಂಚು

‘ಗಿರಣಿಗಳ ಒಳಗಿನ ಪರಿಸ್ಥಿತಿ ಹೊರಗಿನದಕ್ಕಿಂತ ತೀರ ಬೇರೆಯಾಗಿತ್ತು’ ಎಂದು ಬರೆದುಕೊಂಡೆ. ಎಲ್ಲರಿಗೂ ಕೃತಜ್ಞತೆಗಳು. ಇನ್ನೆರಡು ಪುಟ ಮುಂದೆ ಹೋದರೆ ‘ದ ಪ್ರಾಕ್ಟೀಸ್ ಸ್ಟಿಲ್ ಅಬ್ಟೇನ್ಸ್ ಇನ್ ಸಮ್ ಮಿಲ್ಸ್’ ಎಂದಿದೆ. ಈ ಸಲ ನಾನೇ ಪ್ರಯತ್ನಿಸಿದ್ದೇನೆ: ‘ಕೆಲವು ಗಿರಣಿಗಳಲ್ಲಿ ಆ ಪದ್ಧತಿ ಈಗಲೂ ನಡೆದುಬಂದಿದೆ.’ ಸರಿಯೇ?

ಮಳೆಬಿಲ್ಲು

‘ನಡೆದುಬಂದಿದೆ’ ಎಂಬುದರ ಜೊತೆ ‘ಈಗಲೂ’ ಸರಿಯಾಗಿ ಹೊಂದುವುದಿಲ್ಲ. ‘ಈಗಲೂ ರೂಢಿಯಲ್ಲಿದೆ’ ಎಂದು ಬರೆಯಿರಿ, ಉಳಿದದ್ದು ಸರಿಯಿದೆ.